ಕ್ರಿ.ಪೂ. 701ರ ಸನ್ಹೇರೀಬನ ದಂಡಯಾತ್ರೆ: ಹಿಜ್ಕೀಯನು ಕಪ್ಪ ಒಪ್ಪಿಸಿದ್ದು ಮುತ್ತಿಗೆಗೆ ಮೊದಲೋ, ಆಮೇಲೋ?

ಶಾಸನಪ್ರಿಯ:

ಅಶ್ಶೂರದ (ಅಸ್ಸೀರಿಯಾದ) ಅರಸ ಸನ್ಹೇರೀಬನು, ಹಿಜ್ಕೀಯನು ಆಳುತ್ತಿದ್ದ ಯೆಹೂದ ರಾಜ್ಯದ ಮೇಲೆ ಏರಿಬಂದ ಪ್ರಸಂಗದಲ್ಲಿ, ದಂಡೆತ್ತಿ ಬಂದವನ ಬರವಣಿಗೆಯೂ ಅದನ್ನು ಎದುರಿಸಿದವರ ಬರವಣಿಗೆಯೂ ಉಳಿದುಬಂದಿವೆ. ಆ ಕಾಲದ ಯುದ್ಧಗಳಲ್ಲಿ ಇದು ಬಲು ಅಪರೂಪ. ಹೀಗಿದ್ದರೂ ಈ ವಿಷಯ ಬಂದಾಗಲೆಲ್ಲ ಚರ್ಚೆ "ಬೈಬಲ್ ಸರಿಯೋ, ಶಾಸನ ಸರಿಯೋ" ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಗಂಟು ಇರುವುದು ಅಲ್ಲಲ್ಲ, ಅರಸುಗಳ ಎರಡನೆಯ ಗ್ರಂಥದ 18ನೆಯ ಅಧ್ಯಾಯದ ಮೂರೇ ಮೂರು ವಚನಗಳಲ್ಲಿ.

ಮೊದಲು ಶಾಸನದ ಮಾತು. ಸನ್ಹೇರೀಬನು ತನ್ನ "ಮೂರನೆಯ ದಂಡಯಾತ್ರೆ"ಯನ್ನು ಹಲವು ಮಣ್ಣಿನ ಪಟ್ಟಕಗಳ ಮೇಲೆ ಬರೆಸಿದ್ದಾನೆ. ಇವುಗಳಲ್ಲಿ ಅತಿ ಹಳೆಯದಾದ ರಸ್ಸಾಮ್ ಸಿಲಿಂಡರ್ ಕ್ರಿ.ಪೂ. 700ರದ್ದು, ಅಂದರೆ ಘಟನೆ ನಡೆದ ಮರುವರ್ಷದ್ದು. ಹೆಚ್ಚು ಪ್ರಸಿದ್ಧವಾದ, ಆರು ಮುಖಗಳ ಟೇಲರ್ ಪಟ್ಟಕ ಕ್ರಿ.ಪೂ. 691ರದ್ದು, ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸೀದೋನಿನ ಅರಸ ಲೂಲಿ ಸಮುದ್ರದಾಚೆಗೆ ಓಡಿಹೋದದ್ದು, ಅಷ್ಕೆಲೋನಿನ ಸಿದ್ಕಾನನ್ನು ಸೆರೆಹಿಡಿದು ಸಾಗಿಸಿದ್ದು, ಎಲ್ತೆಕೇ ಬಯಲಿನಲ್ಲಿ ಈಜಿಪ್ಟಿನ ಸೈನ್ಯವನ್ನು ಸೋಲಿಸಿದ್ದು, ಎಕ್ರೋನನ್ನು ಹಿಡಿದದ್ದು, ಕೊನೆಗೆ ಹಿಜ್ಕೀಯನ ಕಡೆಗೆ ತಿರುಗಿದ್ದು: ಇದು ಅಲ್ಲಿನ ಕ್ರಮ. ಯೆಹೂದದ 46 ಕೋಟೆಯ ಊರುಗಳನ್ನು ದಿಬ್ಬ ಕಟ್ಟಿ, ಗೋಡೆ ಗುದ್ದುವ ಯಂತ್ರಗಳನ್ನು ತಂದು ಹಿಡಿದೆನೆಂದೂ, 2,00,150 ಜನರನ್ನು ಹೊರಗೆ ತಂದೆನೆಂದೂ, ಹಿಜ್ಕೀಯನನ್ನು ಅವನ ರಾಜಧಾನಿಯಾದ ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ ಅರಸನು ಹೇಳಿಕೊಳ್ಳುತ್ತಾನೆ. ಆದರೆ ಯೆರೂಸಲೇಮನ್ನು ಹಿಡಿದೆನೆಂದು ಎಲ್ಲಿಯೂ ಹೇಳುವುದಿಲ್ಲ. ಹಿಜ್ಕೀಯನು 30 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ, 800 ತಲಾಂತು ಬೆಳ್ಳಿ, ದಂತದ ಮಂಚಗಳು, ತನ್ನ ಹೆಣ್ಣುಮಕ್ಕಳು, ಗಾಯಕರು ಮುಂತಾದವರನ್ನೆಲ್ಲ "ನನ್ನ ಹಿಂದೆಯೇ ನಿನೆವೆಗೆ", ಅಂದರೆ ಅಶ್ಶೂರದ ರಾಜಧಾನಿಗೆ, ಕಳುಹಿಸಿದನೆಂಬಲ್ಲಿಗೆ ವರದಿ ಮುಗಿಯುತ್ತದೆ.

ಇನ್ನು ಬೈಬಲಿನ ಪಾಠ. 18:13ರಲ್ಲಿ ಸನ್ಹೇರೀಬನು ಯೆಹೂದದ ಕೋಟೆಯ ಊರುಗಳನ್ನೆಲ್ಲ ಹಿಡಿಯುತ್ತಾನೆ. 14ರಿಂದ 16ರವರೆಗೆ ಹಿಜ್ಕೀಯನು, ಸನ್ಹೇರೀಬನಿದ್ದ ಲಾಕೀಷ್ ಎಂಬ ಯೆಹೂದದ ಕೋಟೆಯ ಊರಿಗೆ ದೂತರನ್ನು ಕಳುಹಿಸಿ ತಾನು ತಪ್ಪು ಮಾಡಿದೆನೆಂದು ಒಪ್ಪಿಕೊಂಡು, 300 ತಲಾಂತು ಬೆಳ್ಳಿಯನ್ನೂ 30 ತಲಾಂತು ಬಂಗಾರವನ್ನೂ ಕೊಡುತ್ತಾನೆ. ದೇವಾಲಯದ ಬಾಗಿಲುಗಳ ಚಿನ್ನದ ತಗಡನ್ನೂ ಕೀಳಿಸಿ ಕೊಡುತ್ತಾನೆ. ಬಂಗಾರದ ಲೆಕ್ಕ ಎರಡು ಕಡೆಯೂ ಒಂದೇ ಎಂಬುದನ್ನು ಗಮನಿಸಬೇಕು. ವಿಚಿತ್ರವಿರುವುದು ಮುಂದೆ. 17ನೆಯ ವಚನದಿಂದ ಏನೂ ಇತ್ಯರ್ಥವಾಗಿಲ್ಲವೋ ಎಂಬಂತೆ ಕಥೆ ಮತ್ತೆ ಆರಂಭವಾಗುತ್ತದೆ: ದೊಡ್ಡ ಸೈನ್ಯ ಬರುತ್ತದೆ, ಅಶ್ಶೂರದ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಬಳಿ ನಿಂತು ಶರಣಾಗಿರೆಂದು ಗದರಿಸುತ್ತಾನೆ, ಪ್ರವಾದಿ ಯೆಶಾಯನು ಅಭಯ ನುಡಿಯುತ್ತಾನೆ, ಯೆಹೋವನ ದೂತನು ಒಂದೇ ರಾತ್ರಿಯಲ್ಲಿ 1,85,000 ಮಂದಿಯನ್ನು ಸಂಹರಿಸುತ್ತಾನೆ. ಕಪ್ಪದ ವಿಷಯ ಮತ್ತೆ ಬರುವುದೇ ಇಲ್ಲ.

ಇವು ಎರಡು ಬೇರೆ ವೃತ್ತಾಂತಗಳೆಂದೂ, ಆ ಮೂರು ವಚನಗಳು ಇಡೀ ಪ್ರಸಂಗದ ನಿಜವಾದ ಮುಕ್ತಾಯವೆಂದೂ ನನ್ನ ವಾದ. ಅವುಗಳನ್ನು ಎತ್ತಿ ಕೊನೆಯಲ್ಲಿ ಇಟ್ಟರೆ ಬೈಬಲೂ ಶಾಸನವೂ ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತವೆ. ಬಲ್ಲವರು ಪರೀಕ್ಷಿಸಬೇಕು.

ಕರಾವಳಿ ಓದುಗ:

ಶಾಸನಪ್ರಿಯ ಅವರೇ, ತಾವು ಎರಡೂ ಪಾಠಗಳನ್ನು ನ್ಯಾಯವಾಗಿ ಮುಂದಿಟ್ಟಿದ್ದೀರಿ. ಆದರೆ ವಚನಗಳನ್ನು ಅವುಗಳ ಜಾಗದಿಂದ ಕದಲಿಸಲು ಕೊಟ್ಟ ಕಾರಣ ನನಗೆ ಸಾಕೆನಿಸಲಿಲ್ಲ.

ಇರುವ ಕ್ರಮದಲ್ಲಿಯೇ ಓದಿದರೂ ಕಥೆ ಕೂಡಿಬರುತ್ತದೆ. ಹಿಜ್ಕೀಯನು ಮೊದಲು ಹಣ ಕೊಟ್ಟು ಸಂಕಟ ಕಳೆದುಕೊಳ್ಳಲು ನೋಡಿದನು. ಸನ್ಹೇರೀಬನು ಹಣವನ್ನೂ ತೆಗೆದುಕೊಂಡು, ಪಟ್ಟಣವನ್ನೂ ಒಪ್ಪಿಸೆಂದು ಕೇಳಿದನು. ಮಾತಿಗೆ ತಪ್ಪುವ ಅರಸರು ಯಾವ ಕಾಲದಲ್ಲಿಯೂ ಇದ್ದರು.

ತಮ್ಮ ವಾದವೆಲ್ಲ ಶಾಸನದ ಕ್ರಮವೇ ಕಾಲಕ್ರಮವೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯನ್ನು ಶಾಸನವೇ ಮುರಿಯುತ್ತದೆ. ಎಕ್ರೋನಿನ ಅರಸ ಪಾದಿಯನ್ನು ಅವನ ಪ್ರಜೆಗಳೇ ಸಂಕೋಲೆ ತೊಡಿಸಿ ಹಿಜ್ಕೀಯನ ಕೈಗೆ ಒಪ್ಪಿಸಿದ್ದರು. ಸನ್ಹೇರೀಬನು ಅವನನ್ನು ಯೆರೂಸಲೇಮಿನಿಂದ ಹೊರತಂದು ಮತ್ತೆ ಸಿಂಹಾಸನದ ಮೇಲೆ ಕೂರಿಸಿದನು. ಶಾಸನದಲ್ಲಿ ಇದು ಬರುವುದು ಹಿಜ್ಕೀಯನ ಮೇಲಿನ ಕಾರ್ಯಾಚರಣೆಗೆ ಮೊದಲು! ಮುತ್ತಿಗೆಯನ್ನೇ ಹಾಕದ ಊರಿನೊಳಗಿನ ಸೆರೆಯಾಳು ಹೊರಗೆ ಬಂದದ್ದು ಹೇಗೆ? ಬರೆದವನು ಎಕ್ರೋನಿನ ಕಥೆಯನ್ನು ಒಂದೇ ಕಡೆ ಮುಗಿಸುವ ಸಲುವಾಗಿ ಕಾಲವನ್ನು ಹಿಂದುಮುಂದು ಮಾಡಿದ್ದಾನೆ ಎನ್ನಬೇಕಲ್ಲವೇ? ಹಾಗಾದರೆ ಕಪ್ಪದ ಪಟ್ಟಿ ಕೊನೆಯಲ್ಲಿ ಬಂದದ್ದೂ ಬರವಣಿಗೆಯ ಅನುಕೂಲಕ್ಕಾಗಿಯೇ ಇರಬಹುದು.

ತುಂಗಾತೀರ:

ಒಂದು ಸಣ್ಣ ಸಂದೇಹ. ಎಲ್ತೆಕೇಯ ಯುದ್ಧದಲ್ಲಿ "ಮೆಲುಹ್ಹದ ಅರಸ"ನ ಬಿಲ್ಲಾಳುಗಳೂ ರಥಗಳೂ ಇದ್ದವೆಂದು ಓದಿದ್ದೆ. ಮೆಲುಹ್ಹವೆಂದರೆ ಸಿಂಧೂ ಕಣಿವೆಯ ನಾಡು ಎಂದಲ್ಲವೇ ನಾವು ಕೇಳಿರುವುದು?

ಕಾಲಗಣಕ:

ಕ್ರಿ.ಪೂ. ಮೂರನೆಯ ಸಹಸ್ರಮಾನದ ಬರಹಗಳಲ್ಲಿ ಹಾಗೆಂದು ಬಹುತೇಕ ವಿದ್ವಾಂಸರು ಗುರುತಿಸುತ್ತಾರೆ. ಸನ್ಹೇರೀಬನ ಕಾಲಕ್ಕೆ ಅದೇ ಹೆಸರು ಈಜಿಪ್ಟಿನ ದಕ್ಷಿಣದ ಕೂಷ್ ನಾಡಿಗೆ ಸಂದಿತ್ತು. ಆಗ ಈಜಿಪ್ಟನ್ನು ಆಳುತ್ತಿದ್ದವರು ಕೂಷ್ ಮೂಲದ 25ನೆಯ ರಾಜವಂಶದವರು.

ಕೂಷ್ ಎಂದೊಡನೆ ಇನ್ನೊಂದು ತೊಡಕು ನೆನಪಿಗೆ ಬರುತ್ತದೆ. 2 ಅರಸುಗಳು 19:9ರಲ್ಲಿ ಸನ್ಹೇರೀಬನ ಎದುರು ಬರುವವನು ಕೂಷಿನ ಅರಸ ತಿರ್ಹಾಕ. ಈ ತಿರ್ಹಾಕನು, ಅಂದರೆ ತಹರ್ಕನು, ಪಟ್ಟಕ್ಕೆ ಬಂದದ್ದು ಕ್ರಿ.ಪೂ. 690ರಲ್ಲಿ. 701ರಲ್ಲಿ ಅವನು ಅರಸನಲ್ಲ. ಈ ಒಂದು ಎಳೆಯನ್ನು ಹಿಡಿದು, ಸನ್ಹೇರೀಬನು ಎರಡು ಬಾರಿ ಬಂದಿದ್ದನು, ಮೊದಲ ಬಾರಿ ಕಪ್ಪ ಪಡೆದು ಹೋದನು, 690ರ ನಂತರದ ಎರಡನೆಯ ಬಾರಿ ನಷ್ಟ ಅನುಭವಿಸಿ ಹಿಂದಿರುಗಿದನು ಎಂದು ಆಲ್‌ಬ್ರೈಟ್ ಮುಂತಾದ ವಿದ್ವಾಂಸರು ವಾದಿಸಿದರು. ಕೇಳಲು ಇದು ಚೆಂದವಾಗಿದೆ, ಎರಡು ವೃತ್ತಾಂತಕ್ಕೆ ಎರಡು ಯುದ್ಧ! ಆದರೆ ಆ ಎರಡನೆಯ ದಂಡಯಾತ್ರೆಯ ಬಗ್ಗೆ ಅಶ್ಶೂರದ ಕಡೆಯಿಂದ ಒಂದು ಸಾಲೂ ಇಲ್ಲ. ತಹರ್ಕನು ರಾಜಕುಮಾರನಾಗಿಯೇ ಸೈನ್ಯದೊಡನೆ ಬಂದಿದ್ದನು, ಮುಂದೆ ಬರೆದವರು ಅವನನ್ನು ಎಲ್ಲರಿಗೂ ತಿಳಿದಿದ್ದ ಪದವಿಯಿಂದಲೇ ಕರೆದರು ಎಂಬ ವಿದ್ವಾಂಸ ಕಿಚನ್ ಅವರ ವಿವರಣೆಯೇ ಸರಳವೂ ಸಾಧುವೂ ಆಗಿದೆ.

ಕಾಲದ ತೊಡಕು ಅಲ್ಲಿಗೇ ಮುಗಿಯುವುದಿಲ್ಲ. 18:13ರ ಪ್ರಕಾರ ಈ ದಾಳಿ ನಡೆದದ್ದು ಹಿಜ್ಕೀಯನ 14ನೆಯ ವರ್ಷದಲ್ಲಿ. ಅದಕ್ಕೆ ಮೂರು ವಚನಗಳ ಮೊದಲು, ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಬಿದ್ದದ್ದು ಹಿಜ್ಕೀಯನ 6ನೆಯ ವರ್ಷದಲ್ಲಿ ಎಂದಿದೆ. ಸಮಾರ್ಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ. ಆ ಲೆಕ್ಕದಲ್ಲಿ 14ನೆಯ ವರ್ಷ 714ರ ಆಸುಪಾಸಿಗೆ ಬರುತ್ತದೆ. ಆಗ ಅಶ್ಶೂರವನ್ನು ಆಳುತ್ತಿದ್ದವನು ಸನ್ಹೇರೀಬನ ತಂದೆ ಎರಡನೆಯ ಸರ್ಗೋನ್. ಎರಡು ಲೆಕ್ಕಗಳಲ್ಲಿ ಒಂದನ್ನು ಬಿಡದೆ ಗತ್ಯಂತರವಿಲ್ಲ, ಯಾವುದನ್ನು ಬಿಡಬೇಕೆಂಬಲ್ಲಿ ಒಮ್ಮತವಿಲ್ಲ.

ಮಣ್ಣಪದರ:

ಎಲ್ಲರೂ ಬರೆದದ್ದನ್ನು ಓದುತ್ತಿದ್ದೀರಿ. ಎರಡು ಕಡೆಯವರೂ ಬರೆಯದೆ ಬಿಟ್ಟದ್ದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಉದ್ದವಾದರೆ ಮನ್ನಿಸಬೇಕು.

ಯೆಹೂದದಲ್ಲಿ ಯೆರೂಸಲೇಮನ್ನು ಬಿಟ್ಟರೆ ಅತಿ ಮುಖ್ಯವಾದ ಕೋಟೆ ಲಾಕೀಷ್. ಈ ದಂಡಯಾತ್ರೆಯ ಅತಿ ಭೀಕರ ಕಾಳಗ ನಡೆದದ್ದೂ ಬಹುಶಃ ಅಲ್ಲಿಯೇ. ಆದರೆ ಸನ್ಹೇರೀಬನ ಪಟ್ಟಕಗಳು 46 ಊರುಗಳೆಂದು ಒಟ್ಟು ಹೇಳಿ ಮುಗಿಸುತ್ತವೆ, ಲಾಕೀಷ್ ಎಂಬ ಹೆಸರೇ ಅಲ್ಲಿಲ್ಲ. ಅರಸುಗಳ ಗ್ರಂಥದಲ್ಲಿ ಹೆಸರಿದೆ: ಸನ್ಹೇರೀಬನು ಲಾಕೀಷಿನಲ್ಲಿದ್ದನು, ಆಮೇಲೆ ಲಾಕೀಷನ್ನು ಬಿಟ್ಟು ಲಿಬ್ನಕ್ಕೆ ಹೋದನು. ಈ ನಡುವೆ ಆ ಊರು ಏನಾಯಿತೆಂದು ಮಾತ್ರ ಹೇಳಿಲ್ಲ.

ಹೇಳುವುದು ಕಲ್ಲು ಮತ್ತು ಮಣ್ಣು. ನಿನೆವೆಯಲ್ಲಿ ಸನ್ಹೇರೀಬನು ಕಟ್ಟಿಸಿದ ನೈಋತ್ಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಲಾಕೀಷಿನ ಮುತ್ತಿಗೆಯ ಉಬ್ಬುಶಿಲ್ಪಗಳಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲೇಯರ್ಡ್ ಅವುಗಳನ್ನು ಅಗೆದು ತೆಗೆದರು, ಈಗ ಅವು ಲಂಡನ್ನಿನಲ್ಲಿವೆ. ದಿಬ್ಬದ ಮೇಲೆ ಗೋಡೆ ಗುದ್ದುವ ಯಂತ್ರಗಳು ಏರುತ್ತಿವೆ, ಗೋಡೆಯ ಮೇಲಿನವರು ಉರಿಯುವ ಪಂಜುಗಳನ್ನು ಎಸೆಯುತ್ತಿದ್ದಾರೆ, ಯಂತ್ರದೊಳಗಿನ ಸೈನಿಕನೊಬ್ಬನು ಉದ್ದ ಹಿಡಿಯ ಸೌಟಿನಿಂದ ನೀರು ಸುರಿದು ಬೆಂಕಿ ಆರಿಸುತ್ತಿದ್ದಾನೆ. ಊರಿನ ಬಾಗಿಲಿನಿಂದ ಹೆಂಗಸರು ಮಕ್ಕಳು ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೊರಡುತ್ತಿದ್ದಾರೆ. ಕೆಲವರ ಚರ್ಮ ಸುಲಿಯಲಾಗುತ್ತಿದೆ. ಇದನ್ನೆಲ್ಲ ಸಿಂಹಾಸನದ ಮೇಲೆ ಕುಳಿತು ನೋಡುತ್ತಿರುವ ಅರಸನ ಪಕ್ಕದಲ್ಲಿ, ಲಾಕೀಷಿನ ಕೊಳ್ಳೆ ಅವನ ಮುಂದೆ ಹಾದುಹೋಯಿತೆಂಬ ಬರಹವಿದೆ. ಅರಸನ ಮುಖವನ್ನು ಮುಂದೆ ಯಾರೋ ಕೆತ್ತಿ ಹಾಳುಮಾಡಿದ್ದಾರೆ.

ಲಾಕೀಷಿನ ದಿಬ್ಬವನ್ನು 1930ರ ದಶಕದಲ್ಲಿ ಸ್ಟಾರ್ಕಿ, 1970ರ ದಶಕದಿಂದ ಉಸ್ಸಿಷ್ಕಿನ್ ಅಗೆದರು. ಮೂರನೆಯ ಪದರವೆಂದು ಕರೆಯಲಾಗುವ ಊರು ಪೂರ್ತಿ ಸುಟ್ಟುಹೋಗಿದೆ. ಅದು ಸುಟ್ಟದ್ದು ಬಾಬಿಲೋನಿಯದವರಿಂದ, ಅಂದರೆ ಕ್ರಿ.ಪೂ. 597ರಲ್ಲಿ, ಎಂದು ಸ್ಟಾರ್ಕಿ ನಂಬಿದ್ದರು. ಅವರೊಡನೆ ಕೆಲಸ ಮಾಡಿದ್ದ ಓಲ್ಗಾ ಟಫ್ನೆಲ್ ಅದು 701ರದ್ದೆಂದರು, ಉಸ್ಸಿಷ್ಕಿನ್ ಅವರ ಅಗೆತ ಟಫ್ನೆಲ್ ಅವರ ಮಾತನ್ನೇ ಗಟ್ಟಿಮಾಡಿತು. ನೈಋತ್ಯ ಮೂಲೆಯಲ್ಲಿ ಕಲ್ಲುಗಳನ್ನು ರಾಶಿ ಹಾಕಿ ಕಟ್ಟಿದ ಅಶ್ಶೂರದ ದಿಬ್ಬವಿದೆ. ಅದರ ಎದುರಿಗೇ ಗೋಡೆಯ ಒಳಗಡೆ, ಊರಿನವರು ಅವಸರದಲ್ಲಿ ಎತ್ತರಿಸಿದ ಪ್ರತಿದಿಬ್ಬವೂ ಇದೆ. ನೂರಾರು ಬಾಣದ ಮೊನೆಗಳು, ಕವಣೆಕಲ್ಲುಗಳು, ಯಂತ್ರದ ಮೂತಿಗೆ ಸಿಕ್ಕಿಸಿ ಎಳೆಯಲು ಇಳಿಬಿಟ್ಟಿದ್ದಿರಬಹುದಾದ ಕಬ್ಬಿಣದ ಸರಪಳಿಯ ತುಂಡು ಅಲ್ಲಿಯೇ ದೊರೆತವು.

ಅರಮನೆಯಲ್ಲಿ ಇಷ್ಟು ವೈಭವದಿಂದ ಕೆತ್ತಿಸಿದ ವಿಜಯವು ಯೆರೂಸಲೇಮಿನದಲ್ಲ, ಎರಡನೆಯ ಊರಿನದು. ರಾಜಧಾನಿ ಕೈಗೆ ಸಿಕ್ಕಿದ್ದರೆ ಆ ಗೋಡೆಯ ಮೇಲೆ ಇರಬೇಕಾದದ್ದು ಅದೇ ಎಂಬುದನ್ನು ಕರಾವಳಿ ಓದುಗ ಅವರೂ ಶಾಸನಪ್ರಿಯ ಅವರೂ ಒಪ್ಪುತ್ತಾರೆಂದು ತಿಳಿಯುತ್ತೇನೆ.

ತುಂಗಾತೀರ:

ಒಂದು ರಾತ್ರಿಯಲ್ಲಿ ಸತ್ತ 1,85,000 ಸೈನಿಕರು ಒಂದು ಕಡೆ, ಹೊರತಂದ 2,00,150 ಜನರು ಇನ್ನೊಂದು ಕಡೆ. ಬೈಬಲಿನ ಸಂಖ್ಯೆಯನ್ನು ಅತಿಶಯೋಕ್ತಿ ಎಂದು ನಗುವವರು ಸನ್ಹೇರೀಬನ ಸಂಖ್ಯೆಯನ್ನು ಜನಗಣತಿಯಂತೆ ಉದ್ಧರಿಸುವುದನ್ನು ಕಂಡಿದ್ದೇನೆ.

ಶಾಸನಪ್ರಿಯ:

ತುಂಗಾತೀರ ಅವರ ಮಾತು ಸರಿಯಾಗಿದೆ. 2,00,150 ಎಂಬುದು ಆಗಿನ ಯೆಹೂದದ ಒಟ್ಟು ಜನಸಂಖ್ಯೆಯನ್ನೇ ಮೀರುತ್ತದೆ ಎಂದು ಅನೇಕ ವಿದ್ವಾಂಸರ ಅಂದಾಜು. ಲಿಪಿಕಾರನ ಸಂಖ್ಯೆಯನ್ನು 2,150 ಎಂದು ಓದಬೇಕೆಂದವರಿದ್ದಾರೆ, ದನಕುರಿಗಳನ್ನೂ ಸೇರಿಸಿ ಎಣಿಸಿದ ಲೆಕ್ಕವೆಂದವರಿದ್ದಾರೆ. ಬೆಳ್ಳಿಯ 300 ಮತ್ತು 800ರ ಅಂತರಕ್ಕೂ ತೂಕದ ಅಳತೆ ಬೇರೆ ಬೇರೆ ಎಂಬಂತಹ ಸಮಾಧಾನಗಳಿವೆ. ನನಗೆ ಅವು ರುಚಿಸುವುದಿಲ್ಲ. ಕೊಟ್ಟವನು ಕಡಿಮೆ ಬರೆಯುತ್ತಾನೆ, ಪಡೆದವನು ಹೆಚ್ಚು ಬರೆಯುತ್ತಾನೆ.

ಕರಾವಳಿ ಓದುಗ ಅವರು ಪಾದಿಯನ್ನು ಮುಂದೆ ತಂದದ್ದು ಒಳ್ಳೆಯದಾಯಿತು. ಪಾದಿಯ ಪ್ರಸಂಗ ಬೈಬಲಿನಲ್ಲಿ ಇಲ್ಲ. ಹಿಜ್ಕೀಯನು ಗಾಜದವರೆಗೆ ಫಿಲಿಷ್ಟಿಯರನ್ನು (ಎಕ್ರೋನ್, ಗಾಜ ಮೊದಲಾದ ಊರುಗಳ ಜನರನ್ನು) ಹೊಡೆದನೆಂಬ ಒಂದು ವಚನ ಮಾತ್ರ 18:8ರಲ್ಲಿದೆ. ಶಾಸನದೊಡನೆ ಓದಿದಾಗ ಅದರ ಹಿನ್ನೆಲೆ ತಿಳಿಯುತ್ತದೆ: ಕ್ರಿ.ಪೂ. 705ರಲ್ಲಿ ಸರ್ಗೋನನು ಯುದ್ಧಭೂಮಿಯಲ್ಲಿ ಸತ್ತು, ಶವವೂ ಸಿಗದೆ ಹೋದಾಗ ಸಾಮ್ರಾಜ್ಯದ ಎಲ್ಲೆಡೆ ದಂಗೆ ಎದ್ದಿತು. ಅಶ್ಶೂರಕ್ಕೆ ನಿಷ್ಠನಾಗಿದ್ದ ನೆರೆಯ ಅರಸನನ್ನು ಸೆರೆಯಲ್ಲಿಟ್ಟುಕೊಂಡ ಹಿಜ್ಕೀಯನು ಆ ದಂಗೆಯ ಮುಂದಾಳುಗಳಲ್ಲಿ ಒಬ್ಬನಾಗಿದ್ದನು. ಪಾದಿಯು ಕೇವಲ ಶಾಸನದ ಪಾತ್ರವಲ್ಲ. 1996ರಲ್ಲಿ ಎಕ್ರೋನಿನ ಅಗೆತದಲ್ಲಿ ದೊರೆತ ಗುಡಿಯ ಕಲ್ಬರಹದಲ್ಲಿ, ಅದನ್ನು ಕಟ್ಟಿಸಿದವನು ತಾನು ಪಾದಿಯ ಮಗನೆಂದು ಹೇಳಿಕೊಂಡಿದ್ದಾನೆ.

ಶಾಸನದ ಕ್ರಮ ಕಾಲಕ್ರಮವಲ್ಲವೆಂಬುದನ್ನು ಪಾದಿಯ ಮಟ್ಟಿಗೆ ಒಪ್ಪೋಣ. ಹಾಗೆಂದಮಾತ್ರಕ್ಕೆ ನನ್ನ ವಾದ ಬೀಳುವುದಿಲ್ಲ, ಏಕೆಂದರೆ ಅದರ ಬುಡ ಶಾಸನದಲ್ಲಿಲ್ಲ, ಬೈಬಲಿನಲ್ಲಿಯೇ ಇದೆ. ಯೆಶಾಯನ ಗ್ರಂಥದ 36 ಮತ್ತು 37ನೆಯ ಅಧ್ಯಾಯಗಳು ಇದೇ ಕಥೆಯನ್ನು ಹೆಚ್ಚುಕಡಿಮೆ ಅಕ್ಷರಶಃ ಹೇಳುತ್ತವೆ, ಆದರೆ ಕಪ್ಪದ ಮೂರು ವಚನಗಳು ಅಲ್ಲಿಲ್ಲ. ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದ 32ನೆಯ ಅಧ್ಯಾಯದಲ್ಲಿಯೂ ಇಲ್ಲ. ಅಂದರೆ ಅದಿಲ್ಲದೆಯೂ ಆ ಕಥೆ ಪೂರ್ಣವಾಗಿ ನಿಲ್ಲುತ್ತಿತ್ತು. ಜರ್ಮನ್ ವಿದ್ವಾಂಸ ಸ್ಟಾಡೆ 1886ರಷ್ಟು ಹಿಂದೆಯೇ ಇದನ್ನು ವಿಂಗಡಿಸಿದ್ದರು: ದಾಳಿ ಮತ್ತು ಕಪ್ಪದ ಚುಟುಕು ವರದಿ ಒಂದು, ಅದರ ಮುಂದಿನ ದೀರ್ಘ ಕಥನದೊಳಗೆ ಮತ್ತೆ ಎರಡು ಎಳೆಗಳು, ಒಂದರಲ್ಲಿ ಸನ್ಹೇರೀಬನು ಸುದ್ದಿಯೊಂದನ್ನು ಕೇಳಿ ಹಿಂದಿರುಗುತ್ತಾನೆ, ಇನ್ನೊಂದರಲ್ಲಿ ದೂತನ ಸಂಹಾರದಿಂದ. ಈ ಚುಟುಕು ವರದಿ ಅರಮನೆಯ ಇಲ್ಲವೆ ದೇವಾಲಯದ ದಫ್ತರದ ಧಾಟಿಯಲ್ಲಿದೆ. ಅಲ್ಲಿ ಪ್ರವಾದಿಯಿಲ್ಲ, ಪ್ರಾರ್ಥನೆಯಿಲ್ಲ, ಎಷ್ಟು ತಲಾಂತು ಹೋಯಿತೆಂಬ ಲೆಕ್ಕವಿದೆ.

ಇನ್ನೊಂದು ಹೊಂದಿಕೆಯನ್ನು ಹೇಳದೆ ಇರಲಾರೆ. 19:32ರಲ್ಲಿ ಯೆಶಾಯನು, ಅಶ್ಶೂರದ ಅರಸನು ಈ ಪಟ್ಟಣಕ್ಕೆ ಬಾಣವನ್ನೂ ಎಸೆಯುವುದಿಲ್ಲ, ಇದರ ಎದುರು ದಿಬ್ಬವನ್ನೂ ಹಾಕುವುದಿಲ್ಲ ಎನ್ನುತ್ತಾನೆ. ಶಾಸನದಲ್ಲಿ ದಿಬ್ಬ, ಯಂತ್ರ, ಸುರಂಗಗಳೆಲ್ಲ ಬರುವುದು 46 ಊರುಗಳ ಸಂಬಂಧದಲ್ಲಿ. ಯೆರೂಸಲೇಮಿನ ಸುತ್ತ ಕಾವಲುಕೋಟೆಗಳನ್ನು ಕಟ್ಟಿ, ಹೊರಬರುವ ದಾರಿಯನ್ನು ತಡೆದೆನೆಂದಷ್ಟೇ ಹೇಳಿದೆ. ಲಾಕೀಷಿನಲ್ಲಿ ಕಂಡ ದಿಬ್ಬದಂತಹದು ಯೆರೂಸಲೇಮಿನಲ್ಲಿ ಕಂಡುಬಂದಿಲ್ಲ. ಪಂಜರದ ಹಕ್ಕಿ ಎಂಬ ಬಣ್ಣದ ಮಾತಿನ ಹಿಂದೆ ಇದ್ದದ್ದು ಮುತ್ತಿಗೆಗಿಂತ ಹೆಚ್ಚಾಗಿ ದಿಗ್ಬಂಧನ.

ಕರಾವಳಿ ಓದುಗ:

ದಿಗ್ಬಂಧನವೆಂಬುದನ್ನು ಒಪ್ಪುತ್ತೇನೆ. ಹಾಗಿದ್ದರೂ ಅದನ್ನು ಏಕೆ ತೆಗೆದನು? ಲಾಕೀಷನ್ನು ಸುಟ್ಟು, ಎಕ್ರೋನಿನ ದಂಗೆಕೋರರ ಹೆಣಗಳನ್ನು ಊರ ಸುತ್ತ ತೂಗುಹಾಕಿ, ಅಷ್ಕೆಲೋನಿನ ಅರಸನನ್ನು ಸಂಸಾರಸಮೇತ ಸಾಗಿಸಿದವನು, ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದ ಹಿಜ್ಕೀಯನನ್ನು ಸಿಂಹಾಸನದ ಮೇಲೆಯೇ ಬಿಟ್ಟು ಹೋದದ್ದು ಸಹಜವೇ? ಕಪ್ಪವನ್ನು ಕೈಯಾರೆ ಪಡೆಯದೆ "ಹಿಂದೆಯೇ ನಿನೆವೆಗೆ" ತರಿಸಿಕೊಂಡದ್ದು, ಅವಸರದಲ್ಲಿ ಹೊರಟವನ ನಡೆಯಂತೆ ಕಾಣುತ್ತದೆ.

ಹೊರಗಿನ ಒಂದು ದನಿಯೂ ಇದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಎರಡನೆಯ ಪುಸ್ತಕದಲ್ಲಿ, ಸನ್ಹೇರೀಬನ ಸೈನ್ಯ ಈಜಿಪ್ಟಿನ ಗಡಿಯ ಪೆಲೂಸಿಯಂನಲ್ಲಿ ಬೀಡುಬಿಟ್ಟಾಗ ಹೊಲದ ಇಲಿಗಳು ರಾತ್ರೋರಾತ್ರಿ ಬತ್ತಳಿಕೆ, ಬಿಲ್ಲಿನ ಹೆದೆ, ಗುರಾಣಿಯ ಹಿಡಿಗಳನ್ನು ಕಡಿದುಹಾಕಿದವೆಂದೂ ಸೈನ್ಯ ಓಡಿಹೋಯಿತೆಂದೂ ಈಜಿಪ್ಟಿನ ಪುರೋಹಿತರಿಂದ ಕೇಳಿ ಬರೆದಿದ್ದಾನೆ. ಊರು ಬೇರೆ, ದೇವರು ಬೇರೆ, ಆದರೆ ರಾತ್ರಿಯಲ್ಲಿ ಬಂದ ಅನಿರೀಕ್ಷಿತ ಆಪತ್ತು ಅದೇ. ಎರಡು ನಾಡುಗಳ ಜನರು ಸುಮ್ಮನೆ ಒಂದೇ ಬಗೆಯ ಕಥೆಯನ್ನು ಕಟ್ಟಿದರೇ?

ಕಾಲಗಣಕ:

ಹೆರೊಡೋಟಸ್ ಬರೆದದ್ದು ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ. ಕೈಯಲ್ಲಿ ಇಲಿ ಹಿಡಿದ ಅರಸನ ಪ್ರತಿಮೆಯೊಂದು ಗುಡಿಯಲ್ಲಿತ್ತೆಂದು ಅವನೇ ಹೇಳುತ್ತಾನೆ, ಆ ಪ್ರತಿಮೆಯನ್ನು ವಿವರಿಸಲು ಕಥೆ ಹುಟ್ಟಿರುವ ಸಾಧ್ಯತೆಯೇ ಹೆಚ್ಚು. ಇಲಿ ಎಂದರೆ ಪ್ಲೇಗ್, ಪ್ಲೇಗ್ ಎಂದರೆ ಯೆಹೋವನ ದೂತ ಎಂದು ಸರಪಳಿ ಹೆಣೆಯುವುದು ಜನಪ್ರಿಯವಾಗಿದೆ, ಆದರೆ ಹೆರೊಡೋಟಸನಲ್ಲಿ ರೋಗದ ಮಾತೇ ಇಲ್ಲ. ರೋಗವನ್ನು ಸೇರಿಸಿದವನು ಕ್ರಿ.ಶ. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್.

ಹಿಂದಿರುಗಿದ್ದಕ್ಕೆ ಲೌಕಿಕ ಕಾರಣವೂ ಇದೆ. ಬಾಬಿಲೋನಿನಲ್ಲಿ ಅಶ್ಶೂರದ ಎದುರಾಳಿ ಮೆರೋದಕ ಬಲದಾನನ ಉಪಟಳ ಮುಗಿದಿರಲಿಲ್ಲ. ಸನ್ಹೇರೀಬನ ನಾಲ್ಕನೆಯ ದಂಡಯಾತ್ರೆ ಮರುವರ್ಷವೇ ಆ ಕಡೆಗೆ ಹೊರಟಿತು. ಅದೇ ಮೆರೋದಕ ಬಲದಾನನ ದೂತರು ಹಿಜ್ಕೀಯನನ್ನು ಕಾಣಲು ಬಂದದ್ದು 2 ಅರಸುಗಳು 20ರಲ್ಲಿದೆ. ದಿಗ್ಬಂಧನ ಮುಂದುವರಿಸಿದರೂ ಯೆರೂಸಲೇಮು ಬೇಗ ಬಗ್ಗುವಂತಿರಲಿಲ್ಲ: ಗೀಹೋನ್ ಬುಗ್ಗೆಯ ನೀರನ್ನು ಬಂಡೆ ಕೊರೆದು ಊರೊಳಗೆ ತಂದ, ಸುಮಾರು 533 ಮೀಟರ್ ಉದ್ದದ ಸುರಂಗವನ್ನು ಹಿಜ್ಕೀಯನೇ ಮಾಡಿಸಿದನೆಂದು 20:20ನ್ನು ಆಧರಿಸಿ ಹೆಚ್ಚಿನವರು ಒಪ್ಪುತ್ತಾರೆ.

ಕಥನದ ಕೊನೆಯ ವಚನದ ಬಗ್ಗೆಯೂ ಎಚ್ಚರವಿರಲಿ. ಸನ್ಹೇರೀಬನು ನಿನೆವೆಗೆ ಹೋಗಿ ವಾಸವಾಗಿದ್ದನು, ಮಕ್ಕಳು ಅವನನ್ನು ಕೊಂದರು ಎಂದು ಓದುವಾಗ ತಕ್ಷಣದ ದಂಡನೆ ಎನಿಸುತ್ತದೆ. ಅವನು ಸತ್ತದ್ದು ಕ್ರಿ.ಪೂ. 681ರಲ್ಲಿ, ಇಪ್ಪತ್ತು ವರ್ಷಗಳ ನಂತರ. ಆದರೆ ಸುದ್ದಿ ಮಾತ್ರ ನಿಜ: ದಂಗೆಯಲ್ಲಿ ಮಗನೇ ಅವನನ್ನು ಕೊಂದನೆಂದು ಬಾಬಿಲೋನಿನ ವೃತ್ತಾಂತ ಹೇಳುತ್ತದೆ, ಮತ್ತು ಸಂಚುಗಾರನ ಹೆಸರು ಅರ್ದ-ಮುಲಿಸ್ಸು ಎಂದು ತಿಳಿಸುವ ಪತ್ರವನ್ನು ವಿದ್ವಾಂಸ ಪಾರ್ಪೋಲಾ 1980ರಲ್ಲಿ ಗುರುತಿಸಿದರು. ತಂದೆಯನ್ನು ಕೊಂದ ಮಕ್ಕಳಲ್ಲಿ ಒಬ್ಬನೆಂದು ಬೈಬಲು ಹೆಸರಿಸುವ ಅದ್ರಮ್ಮೆಲೆಕನು ಇವನೇ.

ಕರಾವಳಿ ಓದುಗ:

ಆ ಹೆಸರು ಅಷ್ಟು ದೂರದ ಯೆಹೂದದಲ್ಲಿ ಉಳಿದುಬಂದಿದೆ ಎಂದರೆ, ಕಥನವನ್ನು ಬರೆದವರಿಗೆ ಅಶ್ಶೂರದ ಒಳಗಿನ ಸಮಾಚಾರ ತಿಳಿಯುತ್ತಿತ್ತು ಎಂದಾಯಿತು. ರಬ್ಷಾಕೆಯ ಭಾಷಣವೂ ಹಾಗೆಯೇ ಇದೆ. ಯೆಹೂದದ ಅಧಿಕಾರಿಗಳು ಅರಾಮಿಕ್‌ನಲ್ಲಿ ಮಾತಾಡಿ ಎಂದು ಬೇಡಿಕೊಂಡರೂ, ಗೋಡೆಯ ಮೇಲಿನ ಜನರಿಗೆ ಕೇಳಲೆಂದೇ ಅವನು ಅವರ ಭಾಷೆಯಲ್ಲಿ ಕೂಗುತ್ತಾನೆ. ನಿಮ್ರೂದಿನಲ್ಲಿ ದೊರೆತ ಅಶ್ಶೂರದ ಪತ್ರವೊಂದರಲ್ಲಿಯೂ ಅಧಿಕಾರಿಗಳು ಬಾಬಿಲೋನಿನ ಬಾಗಿಲ ಮುಂದೆ ನಿಂತು ಅಲ್ಲಿನ ನಿವಾಸಿಗಳನ್ನು ಒಲಿಸಲು ನೋಡುತ್ತಾರೆ. ಆದ್ದರಿಂದ ದೀರ್ಘ ಕಥನವನ್ನು ಬರಿಯ ಭಕ್ತಿಯ ಕಲ್ಪನೆಯೆಂದು ಬದಿಗಿಟ್ಟು, ಚುಟುಕು ವರದಿಯನ್ನಷ್ಟೇ ಇತಿಹಾಸವೆನ್ನುವುದನ್ನು ನಾನು ಒಪ್ಪಲಾರೆ.

ಶಾಸನಪ್ರಿಯ:

ಬದಿಗಿಡಬೇಕೆಂದು ನಾನೂ ಹೇಳಿಲ್ಲ. ರಬ್ಷಾಕೆ ಬಂದದ್ದೂ ನಿಜವಿರಬಹುದು, ಊರು ಉಳಿದದ್ದಂತೂ ನಿಜ. ಆದರೆ ಊರು ಉಳಿದ ರಾತ್ರಿಯ ನಂತರವೂ ಯೆಹೂದವು ಸ್ವತಂತ್ರವಾಗಲಿಲ್ಲ ಎಂಬುದೇ ನನ್ನನ್ನು ಮತ್ತೆ ಮತ್ತೆ ಆ ಮೂರು ವಚನಗಳ ಕಡೆಗೆ ಎಳೆಯುತ್ತದೆ. ಸೈನ್ಯವೇ ನಾಶವಾಗಿದ್ದರೆ ಹಿಜ್ಕೀಯನು ಮತ್ತೆ ಏಕೆ ಮಣಿಯಬೇಕಿತ್ತು? ಹಿಜ್ಕೀಯನ ಮಗ ಮನಸ್ಸೆಯು, ಸನ್ಹೇರೀಬನ ಮಗ ಏಸರ್ಹದ್ದೋನನ ನಿನೆವೆಯ ಅರಮನೆಗೆ ಮರಮುಟ್ಟು, ಕಲ್ಲು ಸಾಗಿಸಿದ 22 ಅರಸರ ಪಟ್ಟಿಯಲ್ಲಿದ್ದಾನೆ.

ಮಣ್ಣಪದರ:

ನೆಲದ ಸಾಕ್ಷ್ಯವೂ ಆ ಕಡೆಗೇ ವಾಲುತ್ತದೆ. ಹಿಜ್ಕೀಯನಿಂದ ಕಿತ್ತುಕೊಂಡ ಊರುಗಳನ್ನು ಅಷ್ದೋದಿನ ಮಿತಿಂತಿ, ಎಕ್ರೋನಿನ ಪಾದಿ, ಗಾಜದ ಸಿಲ್ಲಿ-ಬೇಲ್ ಇವರಿಗೆ ಹಂಚಿದೆನೆಂದು ಸನ್ಹೇರೀಬನು ಹೇಳುತ್ತಾನಲ್ಲ, ಆ ಪಶ್ಚಿಮದ ತಪ್ಪಲು ಪ್ರದೇಶದಲ್ಲಿ ಮುಂದಿನ ಶತಮಾನದಲ್ಲಿ ಯೆಹೂದದ ನೆಲೆಗಳು ಎದ್ದುಕಾಣುವಷ್ಟು ಕಡಿಮೆಯಾಗುತ್ತವೆ. ಲಾಕೀಷ್ ಬಹುಕಾಲ ಹಾಳುಬಿದ್ದಿತ್ತು. ಅದೇ ಹೊತ್ತಿಗೆ ಪಾದಿಯ ಎಕ್ರೋನ್ ಹಲವು ಪಟ್ಟು ಬೆಳೆದು, ನೂರಕ್ಕೂ ಹೆಚ್ಚು ಎಣ್ಣೆಗಾಣಗಳಿದ್ದ ಆಲಿವ್ ಎಣ್ಣೆಯ ಪಟ್ಟಣವಾಯಿತು. ಯೆರೂಸಲೇಮು ಉಳಿಯಿತು, ಆದರೆ ರಾಜ್ಯಕ್ಕೆ ಧಾನ್ಯ, ದ್ರಾಕ್ಷಾರಸ, ಎಣ್ಣೆ ಒದಗಿಸುತ್ತಿದ್ದ ನೆಲದ ಬಹುಭಾಗ ಪಕ್ಕದವರ ಪಾಲಾಗಿತ್ತು.